ಬೆನ್ನ ಹಿಂದಿನ ಮರಿಗಂಟು

ಗುಡ್ಡದ ಮೇಲಿನ ಗಾಳಿಯಂತ್ರಗಳ ತುದಿಗೆ ಈಗಷ್ಟೇ ಬಿಸಿಲು ತಾಗಿದೆ. ಕೆರೆ ಇನ್ನೂ ನೆರಳಿನಲ್ಲಿದೆ. ಬೋಟು ಹತ್ತುವ ಕಟ್ಟೆಯ ಪಕ್ಕದಲ್ಲಿ ಎರಡು ಬೇವಿನ ಮರಗಳ ನಡುವೆ ತಂತಿ ಬಿಗಿದಿದ್ದು, ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು ನೇತಾಡುತ್ತಿವೆ. ಯಲ್ಲಕ್ಕ ಕೈಯಲ್ಲೊಂದು ಕೋಲು ಹಿಡಿದು ಒಂದೊಂದಕ್ಕೂ ಬಾರಿಸುತ್ತ ಹೋಗುತ್ತಿದ್ದಾರೆ. ಒಂದರಿಂದ ಕಪ್ಪೆ ಬೀಳುತ್ತದೆ. ಇನ್ನೊಂದರ ಜೇಬಿನಿಂದ ನೆನೆದ ಮಂಡಕ್ಕಿ ಬೀಳುತ್ತದೆ. ಮತ್ತೊಂದರ ಕಾಲರಿನಲ್ಲಿ ಯಾರದೋ ಮೀನಿನ ಗಾಳ ಸಿಕ್ಕಿಕೊಂಡಿದೆ. ಅದನ್ನು ಹಲ್ಲು ಕಚ್ಚಿಕೊಂಡು ಬಿಡಿಸುತ್ತಾರೆ.

“ಇದು ಜೀವ ಉಳ್ಸೋ ವಸ್ತು ಸ್ವಾಮಿ. ಇದ್ರಾಗೆ ಮಂಡಕ್ಕಿ ಯಾಕೆ ತುಂಬ್ತಾರೆ ಅಂತ ನಂಗೆ ಇವತ್ತಿಗೂ ತಿಳ್ದಿಲ್ಲ. ಮನೇಲಿ ತಿನ್ನಕ್ಕಾಗಲ್ವಾ? ನೀರ್ ಮಧ್ಯಕ್ಕೇ ಹೋಗಿ ತಿನ್ಬೇಕಾ?” ಎನ್ನುತ್ತಾರೆ. ನನ್ನನ್ನೇ ಬೈದಂತೆ ಕೇಳುತ್ತದೆ. ನಾನು ಏನೂ ತಿಂದಿಲ್ಲ.

ಹಿರಿಯೂರಿನಿಂದ ಹೊಸದುರ್ಗದ ಕಡೆ ಹೋಗುವಾಗ ಎಡಕ್ಕೆ ತಿರುಗಿ ಎರಡು ಗುಡ್ಡ ದಾಟಿದರೆ ಸಿಗುವುದು ಬಿಳಿಗಲ್ಲು ಕೆರೆ. ಕೆರೆ ಹಳೆಯದು, ಉದ್ಯಾನ ಹೊಸದು. ಹೊಸದು ಎಂದರೆ, ಉದ್ಘಾಟನೆಯ ದಿನ ಹೊಸದಾಗಿತ್ತು. ಈಗ ಸಿಮೆಂಟಿನ ಜಿಂಕೆಗೆ ಒಂದು ಕೊಂಬಿಲ್ಲ, ಕಾರಂಜಿಯಲ್ಲಿ ನೀರಿಲ್ಲ, ಪೆಡಲ್ ತುಳಿಯುವ ಹಂಸದ ಬೋಟುಗಳಲ್ಲಿ ಒಂದಕ್ಕೆ ಕತ್ತಿಲ್ಲ. ‘ಗಾಳ ಹಾಕುವ ಸ್ಥಳ’ ಎಂಬ ಫಲಕದ ಕೆಳಗೆ ಜನ ಈಜುತ್ತಾರೆ. ‘ಈಜು ನಿಷೇಧ’ ಎಂಬ ಫಲಕದ ಕೆಳಗೆ ಕೂತು ಗಾಳ ಹಾಕುತ್ತಾರೆ. ಇಂಥ ಉದ್ಯಾನಗಳ ಬಗ್ಗೆ ಬರೆದೂ ಬರೆದೂ ನನಗೆ ಸಾಕಾಗಿದೆ. ಈ ಸಲವೂ ಅದೇ ಗೋಳು ಬರೆಯುವುದಾದರೆ ಬರುವುದಿಲ್ಲ ಎಂದು ಸಂಪಾದಕರಿಗೆ ಹೇಳಿಯೇ ಬಂದಿದ್ದೆ. ಅವರು, “ಅಲ್ಲಿ ಜಾಕೆಟ್ ಕಟ್ಟುವ ಹೆಂಗಸೊಬ್ಬಳಿದ್ದಾಳಂತೆ, ಎಲ್ಲರ ಹತ್ತಿರವೂ ಜಗಳ ಆಡುತ್ತಾಳಂತೆ, ಹೋಗಿ ನೋಡಿ” ಎಂದರು.

ಜಗಳ ಆಡುವುದು ನಿಜ. ಭಾನುವಾರ ಚಿತ್ರದುರ್ಗ, ಹೊಳಲ್ಕೆರೆಗಳಿಂದ ಬೈಕುಗಳಲ್ಲಿ, ಐಮಂಗಲದ ಹೆದ್ದಾರಿಯಿಂದ ತಿರುಗಿಸಿಕೊಂಡು ಬಂದ ಕಾರುಗಳಲ್ಲಿ ಇಳಿಯುವ ಜನವೆಲ್ಲ ಒಂದಲ್ಲ ಒಂದು ಹೊತ್ತಿಗೆ ಯಲ್ಲಕ್ಕನ ಎದುರಿಗೆ ಬಂದು ನಿಲ್ಲಲೇಬೇಕು. ಕಟ್ಟೆಗೆ ಹೋಗುವ ದಾರಿಯನ್ನು ಅವರು ಜಾಲಿಯ ಕೊಂಬೆಗಳಿಂದ ಇಕ್ಕಟ್ಟು ಮಾಡಿದ್ದಾರೆ. ಕುರಿಗಳನ್ನು ಕೂಡುವ ರೊಪ್ಪಕ್ಕೆ ಬಾಗಿಲು ಬಿಡುತ್ತಾರಲ್ಲ, ಹಾಗೆ. ಒಂದು ಸಲಕ್ಕೆ ಒಬ್ಬರೇ ನುಗ್ಗಬಹುದು. ಅಲ್ಲಿ ನಿಂತವರಿಗೆ ಜಾಕೆಟ್ ತೊಡಿಸಿ, “ಹಿಂದಕ್ಕೆ ತಿರುಗ್ರಿ” ಎನ್ನುತ್ತಾರೆ. ಲೆಕ್ಚರರ್ ಇರಲಿ, ಲಾರಿ ಓನರ್ ಇರಲಿ, ಮೊಮ್ಮಕ್ಕಳನ್ನು ಕರೆತಂದ ಅಜ್ಜಿ ಇರಲಿ, ಎಲ್ಲರಿಗೂ ಅದೇ ಮಾತು, ಅದೇ ದನಿ.

ತಿರುಗಿದರೆ ಬೆನ್ನ ಮೇಲೆ ಒಂದು ಗಂಟು ಬೀಳುತ್ತದೆ.

ಈ ಗಂಟಿನ ವಿಷಯ ಹೇಳಲೇಬೇಕು. ಜಾಕೆಟ್‌ಗಳ ಪ್ಲಾಸ್ಟಿಕ್ ಬಕಲ್‌ಗಳು ಮೊದಲ ವರ್ಷವೇ ಮುರಿದು ಹೋಗಿದ್ದವು. ಬದಲಿಗೆ ಹಾಕಿಸಿ ಎಂದು ಕೇಳಿ ಕೇಳಿ ಬೇಸತ್ತ ಯಲ್ಲಕ್ಕ, ಮನೆಯಿಂದ ಕಂಬಳಿ ನೂಲಿನ ಹುರಿ ಹೊಸೆದು ತಂದು ಎಲ್ಲದಕ್ಕೂ ಹೊಲಿದರು. ಕಟ್ಟುವುದು ಮರಿಗಂಟು. ಎಳೆಯ ಕುರಿಮರಿಯನ್ನು ಗೂಟಕ್ಕೆ ಕಟ್ಟುವಾಗ ಅವರ ಮನೆತನದವರು ಹಾಕುವ ಗಂಟು ಇದು. ಮರಿ ಎಷ್ಟು ಜಗ್ಗಿದರೂ ಕತ್ತು ಬಿಗಿಯುವುದಿಲ್ಲ, ಸಡಿಲವೂ ಆಗುವುದಿಲ್ಲ. ಗೊತ್ತಿದ್ದವರು ಸರಿಯಾದ ತುದಿ ಹಿಡಿದು ಎಳೆದರೆ ಒಂದೇ ಎಳೆತಕ್ಕೆ ಬಿಡುತ್ತದೆ. ಗೊತ್ತಿಲ್ಲದವರು ಎಳೆದರೆ ಇನ್ನಷ್ಟು ಕೂರುತ್ತದೆ.

“ಮುಂದುಗಡೆ ಕಟ್ಟಿದ್ರೆ ಏನಾಗ್ತೈತೆ ಗೊತ್ತಾ? ಕೆರೆ ಮಧ್ಯಕ್ಕೆ ಹೋಗ್ತಿದ್ದಂಗೆ ಬಿಚ್ಚಿ ಕಾಲಡಿ ಹಾಕ್ಕಂಡು ಕುಂತ್ಕಂತಾರೆ. ಫೋಟೋದಾಗೆ ಅಂಗಿ ಕಾಣ್ಬೇಕಂತೆ. ಅದ್ಕೇ ನಾನು ಹಿಂದ್ಗಡೆ ಹಾಕೋದು. ಕೈಗೆ ಎಟಕಂಗಿಲ್ಲ, ಕಣ್ಣಿಗೂ ಕಾಣಂಗಿಲ್ಲ.”

ಹುರಿ ಚುಚ್ಚುತ್ತದೆ, ಅದು ಬೇರೆ. ಬಂದ ದಿನ, ಶನಿವಾರ, ನನಗೂ ಕಟ್ಟಿಸಿಕೊಂಡೆ. ತೆಳ್ಳನೆಯ ಅಂಗಿಯ ಮೇಲೆ ಆ ಕಂಬಳಿ ನೂಲು ಕೂತರೆ ಮೈಯೆಲ್ಲ ತುರಿಕೆ. ಒದ್ದೆ ಜಾಕೆಟ್ಟಿನ ವಾಸನೆಯಂತೂ ಮಳೆಯಲ್ಲಿ ನೆನೆದ ಕುರಿಯ ವಾಸನೆಯೇ. ಸ್ವಲ್ಪ ಸಡಿಲ ಮಾಡಿ ಎಂದೆ. “ಸಡ್ಲ ಬೇಕಾದ್ರೆ ದಡದಾಗೆ ಕುಂತ್ಕಳ್ರಿ, ಕಡ್ಲೆಕಾಯಿ ತಿನ್ರಿ,” ಎಂದರು. ಸಿಟ್ಟು ಬಂತು. ಈ ಹೆಂಗಸಿಗೆ ಇಷ್ಟು ಗಡಸು ಮಾತು ಏಕೆ ಬೇಕೆಂದು ಅಂದುಕೊಂಡೆ. ಈಗಲೂ ಅನ್ನಿಸುತ್ತದೆ, ಅದನ್ನೇನೂ ಮುಚ್ಚಿಡುವುದಿಲ್ಲ.

ಬೋಟು ನಡೆಸುವ ದಾಸಣ್ಣ ಮೆಲುದನಿಯ ಮನುಷ್ಯ. ಆತನೇ ನನಗೆ ಬಿಡಿಸಿ ಹೇಳುತ್ತಾನೆ. “ಬೆಳಿಗ್ಗೆ ಹೊತ್ತು ಈ ಕೆರೆ ತಟ್ಟೆ ಇದ್ದಂಗೆ ಇರ್ತೈತೆ ಸಾರ್. ಮಧ್ಯಾಹ್ನದ ಮ್ಯಾಲೆ ಆ ಎರಡು ಗುಡ್ಡದ ಸಂದಿ ಐತಲ್ಲ, ಅಲ್ಲಿಂದ ಗಾಳಿ ಬಿಡ್ತೈತೆ. ಅದು ಹೇಳಿ ಕೇಳಿ ಬರಲ್ಲ. ಬೋಟು ಒಂದ್ ಸಲ ವಾಲಿಬಿಡ್ತೈತೆ. ನಿಂತ್ಕಂಡಿರೋರು ಇದ್ರೆ ಮುಗೀತು. ನಾನು ಕುಂತ್ಕಳ್ರಪ್ಪ ಅಂದ್ರೆ ಯಾರು ಕೇಳ್ತಾರೆ. ಯಲ್ಲಕ್ಕ ಅಂದ್ರೆ ಕೇಳ್ತಾರೆ, ಬೈಕಂಡಾದ್ರೂ ಕೇಳ್ತಾರೆ.”

ಯಲ್ಲಕ್ಕ ಹುಟ್ಟಿದ್ದು ಕುರಿ ಕಾಯುವ ಮನೆಯಲ್ಲಿ, ಮದುವೆಯಾಗಿ ಬಂದದ್ದೂ ಅಂಥ ಮನೆಗೇ. ಉದ್ಯಾನದ ಬೇಲಿ ಬೀಳುವ ಮೊದಲು ಈ ಇಳಿಜಾರಿನಲ್ಲೆಲ್ಲ ಅವರ ಕುರಿ ಮೇಯುತ್ತಿದ್ದವು. ಬೇಲಿ ಬಿದ್ದ ಮೇಲೆ ಗಂಡ ಯತ್ತಪ್ಪ ಹಿಂಡು ಹೊಡೆದುಕೊಂಡು ಜವನಗೊಂಡನಹಳ್ಳಿ ಕಡೆಯ ಹೊಲಗಳಿಗೆ ಹೋಗುತ್ತಾರೆ. ತಿಂಗಳಲ್ಲಿ ಒಂದೆರಡು ಸಲ ಮನೆಗೆ ಬರುತ್ತಾರೆ. ಬೇಲಿ ಹಾಕಿದವರು ಹಟ್ಟಿಯ ಒಬ್ಬರಿಗೆ ಕೆಲಸ ಕೊಡುತ್ತೇವೆ ಎಂದರು. ಕೊಟ್ಟದ್ದು ಕಸ ಗುಡಿಸುವ ಕೆಲಸ. ಜಾಕೆಟ್ ಕೊಡುತ್ತಿದ್ದವನು ಬಿಟ್ಟು ಹೋದಾಗ ಯಲ್ಲಕ್ಕನೇ ಆ ಜಾಗಕ್ಕೆ ಬಂದರು. ಯಾರೂ ಹೇಳಲಿಲ್ಲ. ಯಾರೂ ಬೇಡ ಎನ್ನಲೂ ಇಲ್ಲ.

ತಮಾಷೆಯೆಂದರೆ, ಅವರು ಇದುವರೆಗೆ ಒಮ್ಮೆಯೂ ಬೋಟು ಹತ್ತಿಲ್ಲ. ನೀರೆಂದರೆ ಭಯ.

“ಭಯ ಅಂದ್ರೆ ಭಯಾನೇ ಸ್ವಾಮಿ. ಮೊಣಕಾಲ್ ಮಟ್ಟ ಇಳುದ್ರೂ ಎದೆ ಡವಡವ ಅಂತೈತೆ. ದಾಸಣ್ಣಂಗೆ ಈಜು ಬತ್ತೈತೆ, ಅದ್ಕೇ ಅವ್ನಿಗೆ ಬೇರೆಯೋರ ಬಗ್ಗೆ ದಿಗಿಲಿಲ್ಲ. ಇಂಥ ಜಾಗ್ದಾಗೆ ಹೆದರೋರೇ ಬಾಗ್ಲಲ್ಲಿ ನಿಂತಿರ್ಬೇಕು,” ಎನ್ನುತ್ತಾರೆ. ಆಮೇಲೆ ಸ್ವಲ್ಪ ತಡೆದು, “ಒಂದ್ ಸಲ ಆ ದಡಕ್ಕೆ ಹೋಗಿ ಬರಾಣ ಅಂತ ಆಸೆ ಐತೆ. ನಮ್ಮ ಕುರಿ ನೀರು ಕುಡೀತಿದ್ದ ಜಾಗ ಅದು. ಆದ್ರೆ ನಂಗೆ ಹಿಂದಿನ ಗಂಟು ಯಾರು ಹಾಕ್ತಾರೆ? ಇಲ್ಲಿ ಒಬ್ರಿಗೂ ಬರಲ್ಲ,” ಎಂದು ಇನ್ನೊಂದು ಜಾಕೆಟ್ಟಿಗೆ ಬಾರಿಸುತ್ತಾರೆ.

ನಾನು ಬಂದ ಮಾರನೆಯ ದಿನ, ಭಾನುವಾರ, ಯಲ್ಲಕ್ಕನ ಪಾಲಿಗೆ ಪರೀಕ್ಷೆಯ ದಿನ. ಅದಕ್ಕೆ ಕಾರಣ ಶ್ರೀನಿವಾಸ್ ಎಂಬವರ ಅವಸರ.

ಶ್ರೀನಿವಾಸ್ ಚಿತ್ರದುರ್ಗದವರು, ಬ್ಯಾಂಕಿನಲ್ಲಿ ಕೆಲಸ. ಹೋದ ತಿಂಗಳು ಹೆಂಡತಿ ಮಕ್ಕಳನ್ನು ಮನೆಯಲ್ಲೇ ಬಿಟ್ಟು ಗೆಳೆಯರ ಜೊತೆ ಬೈಕಿನಲ್ಲಿ ಬಂದಿದ್ದರು. ಬೋಟಿನಿಂದ ಇಳಿಯುವ ಹೊತ್ತಿಗೆ ಅವರಿಗೆ ಶೌಚಾಲಯಕ್ಕೆ ಹೋಗುವ ಅವಸರ. ಯಲ್ಲಕ್ಕ ಊಟಕ್ಕೆ ಹೋಗಿದ್ದರು. ಊಟಕ್ಕೆ ಹೋಗುವಾಗ ಗಂಟು ಬಿಚ್ಚುವ ಕೆಲಸವನ್ನು ಯಾರಿಗೂ ಒಪ್ಪಿಸಿರಲಿಲ್ಲ. ಇದು ಅವರದೇ ತಪ್ಪು, ಅವರೂ ಒಪ್ಪುತ್ತಾರೆ. ದಾಸಣ್ಣ ಎಳೆದ, ಗೆಳೆಯರು ಎಳೆದರು, ಗಂಟು ಕೂತಿತು. ಶ್ರೀನಿವಾಸ್ ಜಾಕೆಟ್ ಸಮೇತ ಶೌಚಾಲಯಕ್ಕೆ ಓಡಿದರು. ಹೊರಗೆ ಬಂದವರು ಎಷ್ಟು ಕೆರಳಿದ್ದರೆಂದರೆ, ಯಾರನ್ನೂ ಕಾಯದೆ ಬೈಕ್ ಹತ್ತಿ ಜಾಕೆಟ್ಟಿನಲ್ಲೇ ಚಿತ್ರದುರ್ಗಕ್ಕೆ ಹೋದರು. ಪೆಟ್ರೋಲ್ ಬಂಕಿನಲ್ಲಿ ಯಾರೋ ಪ್ರವಾಹ ಎಲ್ಲಿ ಬಂದಿದೆ ಎಂದು ಕೇಳಿದರಂತೆ. ಮನೆಯಲ್ಲಿ ಹೆಂಡತಿ, “ಉಸಿರು ಬಿಗಿ ಹಿಡಿರಿ” ಎಂದು ತಲೆಯ ಮೇಲಿಂದ ಎಳೆದು ತೆಗೆದರಂತೆ. ಮಾರನೆಯ ದಿನ ದೂರು ಹೋಯಿತು.

ದೂರು ಬಂದದ್ದು ಉದ್ಯಾನದ ಮತ್ತು ಬೋಟುಗಳ ಗುತ್ತಿಗೆ ಹಿಡಿದಿರುವ ಮುರುಗೇಶಪ್ಪನವರಿಗೆ. ಅವರು ಕೆಟ್ಟವರಲ್ಲ. ದೂರು ಕೇಳಿ ಕೇಳಿ ಸೋತವರು. ಹುರಿ ಚುಚ್ಚುತ್ತದೆ, ಹೆಂಗಸು ಬೈಯುತ್ತಾಳೆ, ಮುಟ್ಟಿ ತಿರುಗಿಸುತ್ತಾಳೆ, ಹೀಗೆ ವಾರಕ್ಕೊಂದು. ಈ ಸಲ ಅವರು ಹೊಸ ಜಾಕೆಟ್‌ಗಳನ್ನೇ ತರಿಸಿದರು. ಮುಂದೆ ಬಕಲ್, ಟಕ್ ಎಂದರೆ ಹಾಕಿತು, ಟಕ್ ಎಂದರೆ ಬಿಟ್ಟಿತು. ಯಲ್ಲಕ್ಕನನ್ನು ಕರೆದು ಎದುರಿಗೇ ಹೇಳಿದರು: ಭಾನುವಾರದಿಂದ ಗಂಟು ಬೇಡ, ಹುರಿ ಬೇಡ, ಮಾತೂ ಬೇಡ. ಜಾಕೆಟ್ ಕೈಗೆ ಕೊಡುವುದು, ವಾಪಸ್ ಇಸಿದುಕೊಳ್ಳುವುದು. ಅವತ್ತು ಒಂದು ದೂರು ಬಂದರೂ ಸೋಮವಾರದಿಂದ ಕಟ್ಟೆಯ ಕಡೆ ಬರುವಂತಿಲ್ಲ, ಗುಲಾಬಿ ತೋಟಕ್ಕೆ ನೀರು ಹಾಯಿಸಬೇಕು. ಸಂಬಳ ಅಷ್ಟೇ, ಕೆಲಸ ಹಗುರ.

“ಹಗುರ ಕೆಲ್ಸ ಯಾರಿಗೆ ಬೇಕು? ಗುಲಾಬಿ ಗಿಡ ಏನು ಬೋಟ್ ಹತ್ತಿ ಬೀಳ್ತೈತಾ?” ಎಂದು ಯಲ್ಲಕ್ಕ ಕೇಳುತ್ತಾರೆ. ಕೇಳಿದ್ದು ನನ್ನನ್ನು. ಮುರುಗೇಶಪ್ಪನವರ ಎದುರಿಗೆ ಕೇಳಿಲ್ಲ, ಅಷ್ಟರ ಮಟ್ಟಿಗೆ ಬಾಯಿ ಕಟ್ಟಿದ್ದಾರೆ.

ಬೆಳಿಗ್ಗೆಯಿಂದ ಅವರನ್ನು ನೋಡುವುದೇ ಒಂದು ಹಿಂಸೆ. ಜನ ಬರುತ್ತಾರೆ, ಯಲ್ಲಕ್ಕ ಹೊಸ ಜಾಕೆಟ್ ಕೈಗೆ ಕೊಡುತ್ತಾರೆ, ತುಟಿ ಬಿಚ್ಚುವುದಿಲ್ಲ. ಒಬ್ಬ ಹುಡುಗ ಜಾಕೆಟ್ಟನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಾನೆ. ಯಲ್ಲಕ್ಕ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ. ಒಬ್ಬಾಕೆ ಅದನ್ನು ಮಗುವಿಗೆ ಹಾಸಿ ಕೂರಿಸುತ್ತಾಳೆ. ಯಲ್ಲಕ್ಕ ಕೆರೆಗೆ ಬೆನ್ನು ಹಾಕಿ ನಿಲ್ಲುತ್ತಾರೆ. ದಾಸಣ್ಣ ತನ್ನ ಮೆಲುದನಿಯಲ್ಲಿ, “ಹಾಕ್ಕಳ್ರವ್ವ, ಗಾಳಿ ಬತ್ತೈತೆ” ಎನ್ನುತ್ತಾನೆ. ಯಾರಿಗೂ ಕೇಳಿಸುವುದಿಲ್ಲ.

ಹೊಸ ಜಾಕೆಟ್ ಒಳ್ಳೆಯದೇ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹಗುರ, ವಾಸನೆಯಿಲ್ಲ, ಸರಿಯಾಗಿ ಹಾಕಿಕೊಂಡರೆ ಹಳೆಯದಕ್ಕಿಂತ ಮೇಲು. ಹಾಕಿಕೊಳ್ಳುವುದೇ ಇಲ್ಲವಲ್ಲ, ಅದೇ ತಲೆನೋವು.

ಮಧ್ಯಾಹ್ನದ ಹೊತ್ತಿಗೆ ಶ್ರೀನಿವಾಸ್ ಬರುತ್ತಾರೆ. ಹೌದು, ಅವರೇ. ಈ ಸಲ ಕಾರಿನಲ್ಲಿ, ಹೆಂಡತಿ ಮತ್ತು ಚಿಕ್ಕ ಮಗಳ ಜೊತೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಅದೇ ಹಳೆಯ ಜಾಕೆಟ್. ಗಂಟು ಹಾಗೆಯೇ ಇದೆ. “ಕತ್ತರಿ ಹಾಕೋಣ ಅಂದೆ, ಇವಳು ಬಿಡ್ಲಿಲ್ಲ. ಸರ್ಕಾರಿ ವಸ್ತು ಇರಬಹುದು ಅಂದ್ಲು,” ಎನ್ನುತ್ತಾರೆ. ಯಲ್ಲಕ್ಕ ತುಟಿ ಬಿಗಿದುಕೊಂಡೇ ಜಾಕೆಟ್ ಈಸಿಕೊಂಡು ತಂತಿಯ ಮೇಲೆ ಹಾಕುತ್ತಾರೆ. ಶ್ರೀನಿವಾಸ್ ಕುಟುಂಬ ಸಾಲಿನಲ್ಲಿ ನಿಲ್ಲುತ್ತದೆ.

ಅಷ್ಟರಲ್ಲಿ ಕೆರೆಯ ಮಧ್ಯದಲ್ಲಿ, ತಾವೇ ಪೆಡಲ್ ತುಳಿದುಕೊಂಡು ಹೋದ ಎರಡು ಬೋಟುಗಳಲ್ಲಿ, ಫೋಟೋ ಶೂಟ್ ಶುರುವಾಗಿದೆ. ಮುಂದಿನ ತಿಂಗಳು ಮದುವೆಯಾಗುವ ಜೋಡಿ. ಹುಡುಗಿಗೆ ನೆಲ ಮುಟ್ಟುವ ನೇರಳೆ ಗೌನು, ಹುಡುಗನಿಗೆ ಕೋಟು. ಹತ್ತುವಾಗ ಇಬ್ಬರೂ ಜಾಕೆಟ್ ಹಾಕಿಕೊಂಡೇ ಹತ್ತಿದ್ದರು. ಈಗ ಎರಡೂ ಜಾಕೆಟ್ ಬೋಟಿನ ತಳದಲ್ಲಿವೆ. ಪಕ್ಕದ ಬೋಟಿನಲ್ಲಿ ಫೋಟೋಗ್ರಾಫರ್ ನಿಂತಿದ್ದಾನೆ, ಅವನ ಜಾಕೆಟ್ ಕ್ಯಾಮೆರಾ ಚೀಲದ ಕೆಳಗಿದೆ. ಹುಡುಗ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಾನೆ, ಫೋಟೋಗೆ ಕೈ ಚಾಚಲಿ ಎಂದು. ಬೇವಿನ ಎಲೆಗಳು ಒಮ್ಮೆಲೇ ಅಲುಗುತ್ತವೆ. ಗುಡ್ಡದ ಸಂದಿಯ ಗಾಳಿ ಎದ್ದಿದೆ.

ಯಲ್ಲಕ್ಕ ಬಾಯಿಯಿಂದ ಸೆರಗು ತೆಗೆಯುತ್ತಾರೆ. ಜಾಲಿಯ ದೊಡ್ಡ ಕೊಂಬೆಯೊಂದನ್ನು ಎಳೆದು ರೊಪ್ಪದ ಬಾಗಿಲಿಗೆ ಅಡ್ಡ ಹಾಕಿ, ಅದರ ಪಕ್ಕದಲ್ಲೇ ಕೂತುಬಿಡುತ್ತಾರೆ.

“ಅವ್ರು ಹಾಕ್ಕಳೋವರ್ಗೂ ಒಬ್ರನ್ನೂ ಬಿಡಲ್ಲ. ದಾಸಣ್ಣ, ಹಗ್ಗ ಬಿಚ್ಚಬ್ಯಾಡ.”

ಆಮೇಲಿನದು ಗಲಾಟೆ. ಸಾಲಿನಲ್ಲಿದ್ದವರು ಕೂಗಾಡುತ್ತಾರೆ. ಹುಡುಗಿಯ ಅಣ್ಣನೊಬ್ಬ ದಡದಲ್ಲಿದ್ದವನು ಬಂದು, ಇದಕ್ಕೆಲ್ಲ ಬೇರೆ ಚಾರ್ಜ್ ಕಟ್ಟಿದ್ದೇವೆ, ನೀನ್ಯಾರು ಕೇಳಲಿಕ್ಕೆ ಎನ್ನುತ್ತಾನೆ. “ನಾನು ಯಾರೂ ಅಲ್ಲ ಕಣಪ್ಪ. ನಿನ್ ತಂಗಿ ನಿಂಗೆ ಏನಾಗ್ಬೇಕು, ಅದು ಹೇಳು,” ಎನ್ನುತ್ತಾರೆ ಯಲ್ಲಕ್ಕ. ಅವನು ಸೀದಾ ಆಫೀಸಿಗೆ ಹೋಗಿ ದೂರು ಕೊಡುತ್ತಾನೆ. ಅಲ್ಲಿಗೆ ಷರತ್ತು ಮುರಿಯಿತು. ಗುಲಾಬಿ ತೋಟ ಖಾಯಂ ಎಂದು ನಾನು ಮನಸ್ಸಿನಲ್ಲೇ ಬರೆದುಕೊಳ್ಳುತ್ತೇನೆ. ನನಗೂ ರೇಗಿದೆ, ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ.

ಮುರುಗೇಶಪ್ಪ ಏದುಸಿರು ಬಿಡುತ್ತ ಬರುತ್ತಾರೆ. ಭಾರಿ ಮೈಯ ಮನುಷ್ಯ. “ಯಲ್ಲಕ್ಕ, ಏನವ್ವ ಇದು? ನಾನೇನಂದಿದ್ದೆ?”

“ಅಲ್ಲಿ ನೋಡ್ರಿ. ಆಮ್ಯಾಕೆ ಬೈರಿ.”

ಅವರು ನೋಡುತ್ತಾರೆ. ಗಾಳಿ ಹೊಡೆಯುವುದಕ್ಕೂ ಅವರು ನೋಡುವುದಕ್ಕೂ ಸರಿಹೋಗುತ್ತದೆ. ಬೋಟು ಒಂದು ಪಕ್ಕಕ್ಕೆ ವಾಲುತ್ತದೆ, ಹುಡುಗಿ ಕುಸಿದು ಕೂರುತ್ತಾಳೆ, ಅವಳ ಕೈಯಲ್ಲಿದ್ದ ಹೂವಿನ ಗೊಂಚಲು ನೀರಿಗೆ ಬಿದ್ದು ತೇಲಿಹೋಗುತ್ತದೆ. ಫೋಟೋಗ್ರಾಫರ್ ಕ್ಯಾಮೆರಾ ತಬ್ಬಿಕೊಂಡು ಬೋಟಿನ ತಳಕ್ಕೆ ಮಲಗುತ್ತಾನೆ. ಯಾರೂ ನೀರಿಗೆ ಬೀಳಲಿಲ್ಲ. ಬಿದ್ದಿದ್ದರೆ ಇದು ಮಾರನೆಯ ದಿನ ಮೊದಲ ಪುಟದಲ್ಲಿ ಬರುತ್ತಿತ್ತು, ಯಲ್ಲಕ್ಕನ ಹೆಸರು ಅದರಲ್ಲಿ ಇರುತ್ತಿರಲಿಲ್ಲ. ಬೀಳಲಿಲ್ಲವಾದ್ದರಿಂದ ವಾರದ ಪುರವಣಿಯಲ್ಲಿ ಬರುತ್ತಿದೆ.

ಮುರುಗೇಶಪ್ಪನವರ ಮುಖ ಬಿಳಿಚಿಕೊಂಡಿದೆ. ತಾವೇ ಹೋಗಿ ಕರೆತರುತ್ತೇನೆ ಎಂದು ಹೊಸ ಜಾಕೆಟ್ಟೊಂದನ್ನು ಎತ್ತಿಕೊಳ್ಳುತ್ತಾರೆ. ತೋಳು ತೂರಿಸುತ್ತಾರೆ. ಬಕಲ್ ಎಳೆಯುತ್ತಾರೆ. ಹೊಟ್ಟೆಯ ಮೇಲೆ ಎರಡು ಕಡೆಗಳ ನಡುವೆ ಒಂದು ಗೇಣು ಉಳಿಯುತ್ತದೆ. ಉಸಿರು ಬಿಗಿಹಿಡಿದರೂ ಉಳಿಯುತ್ತದೆ. ಇನ್ನೊಂದು ಎತ್ತಿಕೊಳ್ಳುತ್ತಾರೆ, ಅದೂ ಅಷ್ಟೇ. ಎಲ್ಲವನ್ನೂ ಒಂದೇ ಅಳತೆಯಲ್ಲಿ ತರಿಸಿದ್ದಾರೆ. ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ.

ಯಲ್ಲಕ್ಕ ಎದ್ದು ತಂತಿಯ ಮೇಲಿನಿಂದ ಶ್ರೀನಿವಾಸ್ ತಂದ ಹಳೆಯ ಜಾಕೆಟ್ಟನ್ನು ತೆಗೆಯುತ್ತಾರೆ. ಒಂದು ತಿಂಗಳಿನಿಂದ ಇದ್ದ ಗಂಟು ಅವರ ಬೆರಳಿಗೆ ಸಿಕ್ಕಿದ ಕೂಡಲೇ ಬಿಡುತ್ತದೆ. ಶ್ರೀನಿವಾಸ್ ಅದನ್ನು ಬಾಯಿ ತೆರೆದು ನೋಡುತ್ತಾರೆ.

“ಹಿಂದಕ್ಕೆ ತಿರುಗ್ರಿ,” ಎನ್ನುತ್ತಾರೆ ಯಲ್ಲಕ್ಕ.

ಮುರುಗೇಶಪ್ಪ ತಿರುಗುತ್ತಾರೆ. ಹುರಿ ಉದ್ದವಿದೆ, ಎಂಥ ಮೈಗಾದರೂ ಸಾಲುತ್ತದೆ. ಯಲ್ಲಕ್ಕ ಮೊಣಕಾಲನ್ನು ಅವರ ಬೆನ್ನಿಗೆ ಊರಿ ಎಳೆದು ಗಂಟು ಹಾಕುತ್ತಾರೆ. ಮುಳ್ಳಿನ ಕೊಂಬೆ ಸರಿಸಿ, “ಹೋಗಿ ಬರ್ರಿ. ಬೋಟ್‌ನಾಗೆ ನಿಂತ್ಕಬ್ಯಾಡ್ರಿ,” ಎನ್ನುತ್ತಾರೆ. ದಾಸಣ್ಣ ಬೋಟು ಬಿಡುತ್ತಾನೆ.

ಮುರುಗೇಶಪ್ಪ ಜೋಡಿಯನ್ನೂ ಫೋಟೋಗ್ರಾಫರನ್ನೂ ಜಾಕೆಟ್ ತೊಡಿಸಿ ಕರೆದುಕೊಂಡು ಬರುವ ಹೊತ್ತಿಗೆ ಯಲ್ಲಕ್ಕ ತಂತಿಯ ಮೇಲಿದ್ದ ಹಳೆಯ ಜಾಕೆಟ್‌ಗಳನ್ನೆಲ್ಲ ಇಳಿಸಿಕೊಂಡಿದ್ದಾರೆ. ಹುಡುಗಿ ಅಳುತ್ತ ಇಳಿಯುತ್ತಾಳೆ, ಫೋಟೋ ಹಾಳಾಯಿತೆಂದೋ ಹೆದರಿಯೋ ತಿಳಿಯುವುದಿಲ್ಲ. ಅಣ್ಣ ಯಲ್ಲಕ್ಕನನ್ನು ದುರುಗುಟ್ಟಿ ನೋಡಿ ತಂಗಿಯ ಕೈ ಹಿಡಿದುಕೊಂಡು ಹೋಗುತ್ತಾನೆ. ಥ್ಯಾಂಕ್ಸ್ ಅನ್ನುವ ಮಾತು ಯಾರ ಬಾಯಿಂದಲೂ ಬರುವುದಿಲ್ಲ, ಯಲ್ಲಕ್ಕ ಅದಕ್ಕೆ ಕಾದಂತೆಯೂ ಕಾಣುವುದಿಲ್ಲ. ಮತ್ತೆ ಜನರನ್ನು ಒಬ್ಬೊಬ್ಬರಾಗಿ ಬಿಡಲು ಶುರುಮಾಡಿದ್ದಾರೆ. ಸಾಲಿನ ಮುಂದೆ ಶ್ರೀನಿವಾಸ್ ಅವರ ಮಗಳಿದ್ದಾಳೆ.

ಮುರುಗೇಶಪ್ಪ ಬಂದು ಬೆನ್ನು ತೋರಿಸಿ ನಿಲ್ಲುತ್ತಾರೆ. “ಬಿಚ್ಚವ್ವ.”

“ತಡೀರಿ, ಈ ಕೂಸಿಗೆ ಕಟ್ತಾ ಇದೀನಿ.”

ನಿಲ್ಲುತ್ತಾರೆ. ಮಗುವಿನದು ಮುಗಿಯುತ್ತದೆ, ತಾಯಿಯದು ಮುಗಿಯುತ್ತದೆ. ಮುರುಗೇಶಪ್ಪ ಭುಜ ಕುಣಿಸುತ್ತಾರೆ, ಹುರಿ ಚುಚ್ಚುತ್ತಿದೆ. ಕೈ ಹಿಂದಕ್ಕೆ ಒಯ್ದು ತಾವೇ ಎಳೆದು ನೋಡುತ್ತಾರೆ. ಗಂಟು ಇನ್ನಷ್ಟು ಕೂರುತ್ತದೆ.

“ಯಲ್ಲಕ್ಕ, ಆಫೀಸ್‌ನಾಗೆ ಜನ ಕಾಯ್ತಾ ಅವ್ರೆ.”

“ಬಿಚ್ತೀನಿ. ನಾಳೆ ಎಲ್ಲಿಗೆ ಬರ್ಲಿ, ಮೊದ್ಲು ಅದು ಹೇಳ್ರಿ. ತೋಟಕ್ಕೋ, ಇಲ್ಲಿಗೋ?”

ಮುರುಗೇಶಪ್ಪ ನೀರಿನ ಕಡೆ ನೋಡುತ್ತಾರೆ. ಹೂವಿನ ಗೊಂಚಲು ಆಚೆ ದಡದ ಹತ್ತಿರ ಹೋಗಿ ನಿಂತಿದೆ.

“ಇಲ್ಲಿಗೇ ಬಾ,” ಎನ್ನುತ್ತಾರೆ.

“ಹುರಿ?”

“ಹೊಸಾದಕ್ಕೂ ಹೊಲ್ಕ ಹೋಗವ್ವ. ಆದ್ರೆ ಊಟಕ್ಕೆ ಹೋಗಾಗ ಬಿಚ್ಚೋದು ದಾಸಣ್ಣಂಗೆ ಹೇಳ್ಕೊಟ್ಟು ಹೋಗು.”

“ಬರೀ ಬಿಚ್ಚೋದಲ್ಲ, ಕಟ್ಟೋದೂ ಹೇಳ್ಕೊಡ್ತೀನಿ,” ಎನ್ನುತ್ತಾರೆ ಯಲ್ಲಕ್ಕ, ಆಚೆ ದಡದ ಕಡೆ ಒಮ್ಮೆ ನೋಡಿ. “ನಂಗೂ ಒಬ್ರು ಬೇಕಲ್ಲ.”

ಎರಡು ಬೆರಳಿನಲ್ಲಿ ತುದಿ ಹಿಡಿದು ಎಳೆಯುತ್ತಾರೆ. ಗಂಟು ಬಿಡುತ್ತದೆ. ಮುರುಗೇಶಪ್ಪ ಉಸಿರು ಬಿಟ್ಟು ಅಂಗಿಯೊಳಗೆ ಕೈಹಾಕಿ ಬೆನ್ನು ಕೆರೆದುಕೊಳ್ಳುತ್ತ ಆಫೀಸಿನ ಕಡೆ ಹೋಗುತ್ತಾರೆ. ಅದೇ ಜಾಕೆಟ್ಟನ್ನು ಯಲ್ಲಕ್ಕ ಶ್ರೀನಿವಾಸ್ ಅವರ ಎದುರು ಹಿಡಿಯುತ್ತಾರೆ. ಅವರು ಅದನ್ನೊಮ್ಮೆ, ಶೌಚಾಲಯದ ಕಡೆಗೊಮ್ಮೆ ನೋಡುತ್ತಾರೆ.

“ಮೊದ್ಲು ಅಲ್ಲಿಗೆ ಹೋಗಿ ಬಂದ್ಬಿಡ್ರಿ,” ಎನ್ನುತ್ತಾರೆ ಯಲ್ಲಕ್ಕ. “ಆಮ್ಯಾಕೆ ಹಿಂದಕ್ಕೆ ತಿರುಗೀರಂತೆ.”